ಜೋಧಪುರದ ಜೀವಾಳ



ಮರುಭೂಮಿ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವುದು ಮರಳು. ದೃಷ್ಟಿ ಹರಿಯುವಷ್ಟು ದೂರ ಮರಳಿನ ದಿಬ್ಬಗಳು, ಅವುಗಳ ಏಣಿನ ಮೇಲೆ ಸಾಲಾಗಿ ನಡೆಯುವ ಒಂಟೆಗಳು, ಹಿಂದೆ ಮುಳುಗುತ್ತಿರುವ ಸೂರ್ಯ. ಈ ಚಿತ್ರವನ್ನು ನಮಗೆ ಕಲಿಸಿಕೊಟ್ಟದ್ದು ಗೋಡೆಯ ಕ್ಯಾಲೆಂಡರು ಮತ್ತು ಸಿನಿಮಾ. ಆ ಚಿತ್ರದ ನಡುವೆ ಒಂದು ಮಹಾನಗರವನ್ನು ಇಟ್ಟು ನೋಡಿ. ಅದು ಅಲ್ಲಿ ನಿಲ್ಲುವುದಿಲ್ಲ. ಮರಳಿನ ಮೇಲೆ ಬಿದ್ದ ಮಳೆ ಬಿದ್ದಲ್ಲೇ ಇಂಗಿಹೋಗುತ್ತದೆ. ಅಲ್ಲಿ ಹತ್ತು ಮನೆಯ ಊರು ಬದುಕಬಹುದು, ದನಕಾಯುವವರ ಬೀಡು ಬದುಕಬಹುದು, ಲಕ್ಷಾಂತರ ಜನರ ನಗರ ಬದುಕಲಾರದು. ಥಾರ್ ಮರುಭೂಮಿಯ ಪೂರ್ವದ ಅಂಚಿನಲ್ಲಿರುವ ಜೋಧಪುರ, 2011ರ ಜನಗಣತಿಯ ವೇಳೆಗೇ ಹತ್ತು ಲಕ್ಷ ಜನರನ್ನು ದಾಟಿದ್ದ ನಗರ, ಐದೂವರೆ ಶತಮಾನಗಳಿಂದ ಬದುಕಿ ಬಂದಿರುವುದು ಮರಳಿನ ಮೇಲಲ್ಲ, ಬಂಡೆಯ ಮೇಲೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಊರಿನ ಸ್ವರೂಪವೂ ಸೊಗಸೂ ಎಲ್ಲಿಂದ ಬಂದವು ಎಂಬುದನ್ನು ಹುಡುಕಲು ಒಂದು ದಾರಿ ಸಿಕ್ಕಂತಾಗುತ್ತದೆ.

ಜೋಧಪುರ ನಮಗೆ ತೀರ ಅಪರಿಚಿತವಾದ ಊರೇನಲ್ಲ. ನಮ್ಮ ಮದುವೆಮನೆಗಳಲ್ಲಿ ವರನಿಗೆ ತೊಡಿಸುವ ಮುಚ್ಚುಕೊರಳಿನ ಕೋಟಿಗೆ ಆ ಊರಿನ ಹೆಸರಿದೆ. ನಮ್ಮ ಜಿಲ್ಲಾ ಕೇಂದ್ರಗಳ ಪೇಟೆಬೀದಿಗಳಲ್ಲಿ ಬಟ್ಟೆ, ಪಾತ್ರೆ, ವಿದ್ಯುತ್ ಸಾಮಾನು ಮಾರುವ ಅನೇಕ ಅಂಗಡಿಗಳ ಯಜಮಾನರು ಜೋಧಪುರ, ಪಾಲಿ, ಜಾಲೋರ್ ಸೀಮೆಗಳಿಂದ ಬಂದವರು. ಗಿರಾಕಿಯೊಡನೆ ಅಚ್ಚಗನ್ನಡದಲ್ಲಿ ಚೌಕಾಸಿ ಮಾಡಿ, ಮಗನ ಕಡೆ ತಿರುಗಿ ಮಾರವಾಡಿಯಲ್ಲಿ ಮಾತನಾಡುವವರು. ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಹಾಯ್ದು ಜೋಧಪುರಕ್ಕೆ ಹೋಗುವ ರೈಲೂ ಇದೆ. ಹೀಗಿದ್ದೂ ಆ ಊರು ನಮಗೆ ಒಂದು ಕೋಟೆ, ಒಂದಿಷ್ಟು ನೀಲಿ ಬಣ್ಣ, ಇಷ್ಟರಲ್ಲೇ ಮುಗಿದುಹೋಗುತ್ತದೆ.

ಕೋಟೆಯಿಂದಲೇ ಆರಂಭಿಸೋಣ. ಮೆಹರಾನಗಢ ಕೋಟೆ ಊರಿನ ಮೇಲೆ ಸುಮಾರು ನಾನೂರು ಅಡಿ ಎತ್ತರದಲ್ಲಿ ನಿಂತಿದೆ. ಕೆಳಗಿನಿಂದ ನೋಡಿದರೆ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಆ ಬೆಟ್ಟದ ಶಿಲೆ ಸುಮಾರು ಎಪ್ಪತ್ತೈದು ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಗಳಿಂದ ಹುಟ್ಟಿದ್ದು; ಅದರ ಮೇಲೆ ಮುಂದಿನ ಯುಗದಲ್ಲಿ ಮರಳುಗಲ್ಲಿನ ಪದರಗಳು ಕೂತಿವೆ. ಈ ಎರಡು ಶಿಲೆಗಳು ಸಂಧಿಸುವ ಜಾಗವನ್ನು ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ್ದಾರೆ. ಕೆಳಗಿನ ಕಲ್ಲು ಕಠಿಣ, ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಮೇಲಿನದು ಉಳಿಗೆ ಒಲಿಯುವಂಥದು. ಕಠಿಣವಾದದ್ದು ಊರಿಗೆ ನೆಲೆಯಾಯಿತು, ಒಲಿದದ್ದು ಜಾಲಂಧ್ರ, ಝರೋಕೆ, ಕಮಾನುಗಳಾಯಿತು.

ರಾಠೋಡ ವಂಶದ ರಾವ್ ಜೋಧಾ 1459ರಲ್ಲಿ ಒಂಬತ್ತು ಕಿಲೋಮೀಟರು ದೂರದ ಮಂಡೋರದಿಂದ ರಾಜಧಾನಿಯನ್ನು ಈ ಬೆಟ್ಟಕ್ಕೆ ತಂದ. ರಾಠೋಡ ಎಂಬ ಹೆಸರು ಕೇಳಿದೊಡನೆ ಕನ್ನಡಿಗರ ಕಿವಿ ನಿಮಿರುವುದು ಸಹಜ. ಆ ಶಬ್ದ ರಾಷ್ಟ್ರಕೂಟ ಎಂಬುದರಿಂದ ಬಂದಿತೆಂದು ಹೇಳುವ ವಿದ್ವಾಂಸರಿದ್ದಾರೆ. ಮಾರವಾಡದ ಚಾರಣ ಕವಿಗಳ ಪರಂಪರೆಯಾದರೋ ಅವರನ್ನು ಕನೋಜಿನಿಂದ ಕರೆತರುತ್ತದೆ. ಶಬ್ದದ ಸಂಬಂಧ ಬೇರೆ, ರಕ್ತದ ಸಂಬಂಧ ಬೇರೆ. ಮಾನ್ಯಖೇಟದ ಅರಸರ ಮರಿಮಕ್ಕಳು ಜೋಧಪುರವನ್ನು ಕಟ್ಟಿದರೆಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ; ಅದನ್ನು ನಾನು ಮಾಡಲಾರೆ.

ಊರು ಹುಟ್ಟಿದ ಬಗೆಗೆ ಒಂದು ಐತಿಹ್ಯವಿದೆ. ಕೋಟೆ ಕಟ್ಟಲು ಆರಿಸಿಕೊಂಡ ಬೆಟ್ಟದ ಮೇಲೆ ಚಿಡಿಯಾನಾಥನೆಂಬ ಸಾಧುವೊಬ್ಬನಿದ್ದ. ಹೆಸರೇ ಹೇಳುವಂತೆ ಹಕ್ಕಿಗಳ ಒಡನಾಡಿ. ಅರಸನ ಆಳುಗಳು ಅವನನ್ನು ಅಲ್ಲಿಂದ ಎಬ್ಬಿಸಿದರು. ಅವನು ಧುನಿಯ ಕೆಂಡವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ; ಹೊರಡುವಾಗ, ನಿನ್ನ ನಾಡಿಗೆ ಸದಾ ನೀರಿನ ಬರ ತಪ್ಪದಿರಲಿ ಎಂದು ಶಪಿಸಿದ. ಬೆದರಿದ ಜೋಧಾ ಅವನಿಗೆ ಗುಡಿ ಕಟ್ಟಿಸಿಕೊಟ್ಟು ಶಾಂತಿ ಮಾಡಿಸಿದನಂತೆ. ಶಾಪ ಮಾತ್ರ ಪೂರ್ತಿ ಹೋಗಲಿಲ್ಲವಂತೆ.

ಇಂಥ ಕಥೆಗಳನ್ನು ನಿಜವೋ ಸುಳ್ಳೋ ಎಂದು ಕೇಳುವುದು ಹೆಚ್ಚು ಫಲ ಕೊಡುವ ಪ್ರಶ್ನೆಯಲ್ಲ. ಮೊಲ ನಾಯಿಯನ್ನು ಅಟ್ಟಿದ ಕಡೆ ರಾಜಧಾನಿ ಕಟ್ಟಿದ ಕಥೆಯನ್ನು ನಾವು ಹಂಪೆಯ ವಿಷಯದಲ್ಲಿ ಹೇಳಿಕೊಳ್ಳುತ್ತೇವೆ. ಅದು ನೆಲದ ಶೌರ್ಯವನ್ನು ಹೊಗಳುವ ಕಥೆ. ಬಹುಪಾಲು ಊರುಗಳ ಸ್ಥಳಪುರಾಣ ಹೀಗೆಯೇ ಊರನ್ನು ಹೊಗಳುತ್ತದೆ. ಜೋಧಪುರ ತನ್ನ ಹುಟ್ಟಿನ ಕಥೆಯಲ್ಲಿ ತನಗೆ ಏನು ಇಲ್ಲ ಎಂಬುದನ್ನು ಬರೆದಿಟ್ಟುಕೊಂಡಿದೆ. ವರ್ಷಕ್ಕೆ ಸರಾಸರಿ ಮೂವತ್ತೈದು ಮೂವತ್ತಾರು ಸೆಂಟಿಮೀಟರು ಮಳೆ, ಅದೂ ಕೆಲವೇ ದಿನಗಳಲ್ಲಿ ಸುರಿದು ಹೋಗುವಂಥದು; ಕೆಲವು ವರ್ಷ ಅದೂ ಇಲ್ಲ. ಇದನ್ನು ಮರೆಯಬೇಡಿ ಎಂದು ಪ್ರತಿ ತಲೆಮಾರಿಗೂ ಹೇಳಲು ಶಾಪಕ್ಕಿಂತ ಗಟ್ಟಿಯಾದ ರೂಪ ಯಾವುದಿದೆ?

ಅದೇ ಕೋಟೆಗೆ ಸೇರಿದ ಇನ್ನೊಂದು ಕಥೆ ಹೆಚ್ಚು ಘೋರವಾದದ್ದು. ಅಡಿಪಾಯ ನಿಲ್ಲಬೇಕೆಂದು ರಾಜಾರಾಮ ಮೇಘವಾಲನೆಂಬ ದಲಿತನನ್ನು ಜೀವಸಹಿತ ಹುಗಿದರೆಂದು ಹೇಳುತ್ತಾರೆ. ಕೋಟೆಯಲ್ಲಿ ಅವನ ಹೆಸರಿನ ಕಲ್ಲಿದೆ. ಅವನ ವಂಶದವರಿಗೆ ಅರಸರು ಜಮೀನು ಕೊಟ್ಟರೆಂಬ ಮಾತೂ ಇದೆ. ಅವನು ತಾನಾಗಿ ಒಪ್ಪಿದನೆಂದು ಕಥೆ ಹೇಳುತ್ತದೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ನಮಗೆ ಈ ‘ಒಪ್ಪಿಗೆ’ಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು ನಿಲ್ಲಲು, ನೀರು ಬರಲು ಯಾರು ಬಲಿಯಾಗಬೇಕು ಎಂಬುದನ್ನು ಆರಿಸುವವರು ಬೇರೆ, ಆಗುವವರು ಬೇರೆ. ಕನ್ನಡ ಪದ ಸೊಸೆಯನ್ನು ಆರಿಸಿತು, ಮಾರವಾಡ ಮೇಘವಾಲನನ್ನು. ಜೋಧಪುರದ ಸೊಬಗನ್ನು ಕುರಿತು ಮಾತನಾಡುವವರು ಆ ಕಲ್ಲಿನ ಮುಂದೆ ಒಂದು ನಿಮಿಷ ನಿಂತು ಮುಂದೆ ಹೋಗುವುದು ಒಳ್ಳೆಯದು.

ಈಗ ನೀರಿಗೆ ಬರೋಣ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಹರಿಯುವುದನ್ನು ಹಿಡಿಯಬಹುದು. ಜೋಧಪುರದ ಇಡೀ ಜಾಣ್ಮೆ ಈ ಎರಡು ವಾಕ್ಯಗಳಲ್ಲಿದೆ. ಬೆಟ್ಟದ ಬೋಳು ಇಳಿಜಾರುಗಳನ್ನೆಲ್ಲ ಆ ಜನ ಒಂದು ದೊಡ್ಡ ಮಾಳಿಗೆಯ ಹಾಗೆ ಕಂಡರು. ಎಲ್ಲಿಂದ ನೀರು ಜಾರುತ್ತದೋ ಅಲ್ಲಿ ಕಾಲುವೆ ತೋಡಿದರು. ಎಲ್ಲಿ ನಿಲ್ಲುತ್ತದೋ ಅಲ್ಲಿ ಕೆರೆ ಕಟ್ಟಿದರು. ಕೆರೆಯಿಂದ ಎಲ್ಲಿಗೆ ಜಿನುಗುತ್ತದೋ ಅಲ್ಲಿ ಮೆಟ್ಟಿಲುಬಾವಿ ತೆಗೆದರು. ಕೋಟೆಯ ಪಕ್ಕದ ಬಂಡೆಗಾಡಿನಲ್ಲಿ ಹಾಥಿ ನಹರ್ ಎಂಬ ಕಾಲುವೆಯನ್ನು ಇಂದೂ ಕಾಣಬಹುದು. ಕಲ್ಲನ್ನು ಕಡಿದು ಕಡಿದು ಮಾಡಿದ ಕೊರಕಲು. ಇಕ್ಕೆಲದಲ್ಲಿ ಆಳೆತ್ತರದ ಬಂಡೆಯ ಗೋಡೆ. ಮಳೆಯಿಲ್ಲದ ದಿನ ಅದರೊಳಗೇ ನಡೆದುಹೋಗಬಹುದು. ಕಡಿದವರ ಹೆಸರು ಎಲ್ಲೂ ಇಲ್ಲ.

ಇಲ್ಲಿ ನನ್ನ ಗಮನ ಸೆಳೆದ ಒಂದು ಸಂಗತಿಯನ್ನು ಹೇಳಬೇಕು. ಈ ನೀರಿನ ಕೆಲಸಗಳನ್ನು ಮಾಡಿಸಿದವರ ಹೆಸರುಗಳಲ್ಲಿ ಹೆಂಗಸರ ಹೆಸರು ಮತ್ತೆ ಮತ್ತೆ ಬರುತ್ತದೆ. ಕೋಟೆಯ ಬುಡದ ರಾಣೀಸರ್ ಕೆರೆಯನ್ನು ಕಟ್ಟಿಸಿದವಳು ರಾವ್ ಜೋಧಾನ ರಾಣಿ ಜಸ್ಮಾದೇ ಹಾಡಿ. ಕೋಟೆಗೂ ಕೆರೆಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಊರೊಳಗಿನ ತೂರ್‌ಜೀ ಕಾ ಝಾಲ್ರಾ ಎಂಬ ಮೆಟ್ಟಿಲುಬಾವಿ 1740ರ ದಶಕದಲ್ಲಿ ಮಹಾರಾಜ ಅಭಯಸಿಂಹನ ರಾಣಿಯೊಬ್ಬಳಿಂದ ಆದದ್ದು. ಅದೇ ಶತಮಾನದ ಕೊನೆಯಲ್ಲಿ ಗುಲಾಬ್ ಸಾಗರವನ್ನು ಕಟ್ಟಿಸಿದ ಗುಲಾಬ್ ರಾಯ್ ರಾಣಿಯೂ ಅಲ್ಲ. ಮಹಾರಾಜ ವಿಜಯಸಿಂಹನ ಪಾಸ್ವಾನ್, ಎಂದರೆ ಅಗ್ನಿಸಾಕ್ಷಿಯಿಲ್ಲದ ಸಂಗಾತಿ. ಅವಳ ಪ್ರಭಾವವನ್ನು ಸಹಿಸದ ಸರದಾರರು 1792ರಲ್ಲಿ ಅವಳನ್ನು ಕೊಲ್ಲಿಸಿದರು. ಕೊಲ್ಲಿಸಿದ ಸರದಾರರ ಹೆಸರನ್ನು ಇತಿಹಾಸದ ಪುಸ್ತಕದಲ್ಲಿ ಹುಡುಕಬೇಕು. ಗುಲಾಬಳ ಹೆಸರು ನೀರಿನ ಮೇಲಿದೆ. ಗಂಡಸರು ಕೋಟೆಯ ಬುರುಜುಗಳನ್ನು ಎತ್ತರಿಸುತ್ತಿದ್ದಾಗ ಅರಮನೆಯ ಹೆಂಗಸರು ನೆಲವನ್ನು ಕೆಳಕ್ಕೆ ಅಗೆಯಿಸುತ್ತಿದ್ದರು. ಕೊಡ ಹೊರುವವರು ಯಾರು ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಝಾಲ್ರಾವನ್ನು ನಮ್ಮ ಕಲ್ಯಾಣಿಗೆ ಹೋಲಿಸಬಹುದು, ಆದರೆ ಅದು ಹೆಚ್ಚು ಆಳ. ತೂರ್‌ಜೀಯ ಬಾವಿ ಇನ್ನೂರು ಅಡಿಗೂ ಮಿಗಿಲಾದ ಆಳದ್ದೆನ್ನುತ್ತಾರೆ. ನಸುಗೆಂಪು ಮರಳುಗಲ್ಲಿನ ಮೆಟ್ಟಿಲುಗಳು ಕನ್ನಡಿಯಲ್ಲಿ ಕಂಡಂತೆ ಎಡಕ್ಕೂ ಬಲಕ್ಕೂ ಕವಲೊಡೆದು ಇಳಿಯುತ್ತವೆ. ಅದು ಚೆಲುವಿಗಾಗಿ ಮಾಡಿದ ವಿನ್ಯಾಸವಲ್ಲ. ಆಷಾಢದಲ್ಲಿ ನೀರು ಒಂದು ಮಟ್ಟದಲ್ಲಿರುತ್ತದೆ, ವೈಶಾಖದಲ್ಲಿ ಇನ್ನೊಂದು ಮಟ್ಟದಲ್ಲಿ. ಯಾವ ಮಟ್ಟದಲ್ಲಿದ್ದರೂ ಕೊಡ ಹೊತ್ತವಳ ಕಾಲಿಗೆ ಒಂದು ಮೆಟ್ಟಿಲು ಸಿಗಬೇಕು. ನೀರು ಎಷ್ಟು ಮೆಟ್ಟಿಲು ಇಳಿದಿದೆ ಎಂಬುದನ್ನು ದಿನವೂ ಕಣ್ಣಾರೆ ಕಾಣುವ ಊರು ಅದು. ನಲ್ಲಿ ತಿರುಗಿಸುವವನಿಗೆ ಈ ಲೆಕ್ಕ ಕಾಣುವುದಿಲ್ಲ. ಇಂದು ಎಷ್ಟು ಮೆಟ್ಟಿಲು ಎಂದು ನೆರೆಯವಳನ್ನು ಕೇಳುವುದು, ಇನ್ನೆಷ್ಟು ದಿನ ಎಂದು ಕೇಳಿದಂತೆಯೇ.

ಮಾರವಾಡದ ಜನ ನೀರಿಗೆ ಒಂದೇ ಹೆಸರಿಟ್ಟು ಸುಮ್ಮನಾದವರಲ್ಲ. ಅನುಪಮ್ ಮಿಶ್ರರು 1995ರಲ್ಲಿ ಹಿಂದಿಯಲ್ಲಿ ಪ್ರಕಟಿಸಿದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಎಂಬ ಗ್ರಂಥವನ್ನು ಓದಿದವರಿಗೆ ಇದು ಗೊತ್ತು. ಆಕಾಶದಿಂದ ನೇರವಾಗಿ ಬಂದು ಕೆರೆ ಕುಂಡಗಳಲ್ಲಿ ನಿಂತದ್ದು ‘ಪಾಲರ್ ಪಾನಿ’. ಆಳದ ಬಾವಿಯಿಂದ ಸೇದಿದ್ದು ‘ಪಾತಾಳ ಪಾನಿ’. ಇವೆರಡರ ನಡುವೆ ಮೂರನೆಯದೊಂದಿದೆ: ಮರಳಿನಲ್ಲಿ ಇಂಗಿ, ಕೆಳಗಿನ ಜಿಪ್ಸಂ ಪದರ ತಡೆದುದರಿಂದ ಪಾತಾಳಕ್ಕೆ ಇಳಿಯಲಾರದೆ ನಡುವೆ ಪಸೆಯಾಗಿ ನಿಂತದ್ದು, ಅದು ‘ರೇಜಾಣಿ ಪಾನಿ’. ಮೊದಲಿನದು ಸಿಹಿ, ಎರಡನೆಯದು ಬಹುಮಟ್ಟಿಗೆ ಉಪ್ಪು, ಮೂರನೆಯದು ಲೋಟಗಟ್ಟಲೆ ಮಾತ್ರ ಸಿಗುವ ಸಿಹಿ. ಭಾಷಾಶಾಸ್ತ್ರದ ತರಗತಿಯಲ್ಲಿ ನಾವು ಎಸ್ಕಿಮೋಗಳು ಹಿಮಕ್ಕೆ ಇಟ್ಟ ಹೆಸರುಗಳ ಪ್ರಸ್ತಾಪ ಮಾಡುತ್ತಿದ್ದೆವು. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಬರಗಾಲಕ್ಕೂ ಅವರಲ್ಲಿ ಇಂಥದೇ ವಿಂಗಡಣೆಯುಂಟು. ಅನ್ನವಿಲ್ಲದ ಬರ ಒಂದು, ನೀರಿಲ್ಲದ್ದು ಒಂದು, ಮೇವಿಲ್ಲದ್ದು ಇನ್ನೊಂದು. ಮೂರೂ ಕೂಡಿ ಬಂದರೆ ‘ತ್ರಿಕಾಲ್’. ಹಳೆಯ ಮೈಸೂರಿನ ಹಿರಿಯರು 1876ರಿಂದ ಮುಂದಿನ ಬರವನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ನೆನೆಯುತ್ತಿದ್ದಂತೆ, ಮಾರವಾಡದವರು 1899-1900ರ ಬರವನ್ನು ‘ಛಪ್ಪನಿಯಾ’ ಎನ್ನುತ್ತಾರೆ. ಅದು ವಿಕ್ರಮ ಸಂವತ್ 1956. ಒಂದು ಅಂಕಿಯೇ ಬರದ ಹೆಸರಾಗಿ ಉಳಿದಿದೆ.

ಜನ ಜೋಧಪುರಕ್ಕೆ ಹೋಗುವುದು ಈ ಬರಗಳನ್ನು ನೆನೆಯಲಿಕ್ಕಲ್ಲ, ನೀಲಿಯನ್ನು ನೋಡಲಿಕ್ಕೆ. ಕೋಟೆಯ ಮೇಲಿಂದ ಬ್ರಹ್ಮಪುರಿಯ ಕಡೆ ನೋಡಿದರೆ ಮನೆಗಳು ಒಂದರ ಮೇಲೊಂದು ಒರಗಿಕೊಂಡು, ನೀಲಿ ಸುಣ್ಣ ಬಳಿದುಕೊಂಡು ಕುಳಿತಿವೆ. ಈ ನೀಲಿಗೆ ಕಾರಣವೇನೆಂದು ಕೇಳಿದರೆ ಕೇಳಿದಷ್ಟು ಉತ್ತರ: ಬ್ರಾಹ್ಮಣರ ಮನೆಯೆಂಬ ಗುರುತು, ಗೆದ್ದಲು ಬಾರದಿರಲಿ ಎಂಬ ಉಪಾಯ, ಬಿಸಿಲಿನ ಝಳ ತಗ್ಗಲೆಂಬ ಉಪಾಯ, ಕಣ್ಣಿಗೆ ತಂಪು. ನನಗೆ ಕೊನೆಯದೇ ಹೆಚ್ಚು ಮನಸ್ಸಿಗೆ ಒಪ್ಪುತ್ತದೆ. ಸುತ್ತಲೂ ಹರದಾರಿಗಟ್ಟಲೆ ಕಂದುಬಣ್ಣವನ್ನೇ ಕಾಣುವ ಕಣ್ಣು ಇದೊಂದನ್ನಾದರೂ ಬಯಸೀತು. ಈಚಿನ ವರ್ಷಗಳಲ್ಲಿ ಪ್ರವಾಸಿಗರ ಛಾಯಾಚಿತ್ರಕ್ಕೆಂದೇ ನೀಲಿ ಬಳಿಯುವುದೂ ಇದೆ. ಸುಣ್ಣದ ಬದಲು ಡಬ್ಬಿಯ ಬಣ್ಣ ಬಂದಿದೆ. ಅದರಲ್ಲಿ ಪಾಪವೇನಿಲ್ಲ. ಆದರೆ ಊರಿನ ಗುಟ್ಟು ಅದರಲ್ಲಿಲ್ಲ.

ಗುಟ್ಟು ಗಲ್ಲಿಗಳಲ್ಲಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ನಿಲ್ಲಬೇಕು, ಹಸು ಬಂದರೆ ಇಬ್ಬರೂ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಬೇಸಗೆಯ ನಡುಹಗಲಿನಲ್ಲಿ, ಹೊಸ ಬಡಾವಣೆಯ ಅಗಲ ರಸ್ತೆಯಲ್ಲಿ ನಿಲ್ಲಲಾರದ ವೇಳೆಯಲ್ಲಿ, ಈ ಗಲ್ಲಿಗಳ ಒಂದು ಮಗ್ಗುಲಿನಲ್ಲಿ ನೆರಳು ತಪ್ಪುವುದಿಲ್ಲ. ಅಗಲವಾದ ರಸ್ತೆ ನಾಗರಿಕತೆಯ ಲಕ್ಷಣವೆಂದು ನಂಬಿದ ನಗರಯೋಜಕರು ಅಲ್ಲಿ ಒಂದು ಮೇ ತಿಂಗಳನ್ನು ಕಳೆಯಬೇಕು. ಹಳೆಯ ಊರಗೋಡೆಯ ಬಾಗಿಲುಗಳ ಹೆಸರುಗಳೂ ಸೊಗಸು: ನಾಗೋರಿ, ಮೇಡ್ತಿ, ಸೋಜತಿ, ಜಾಲೋರಿ, ಸಿವಾಂಚಿ. ಒಂದೊಂದೂ ತಾನು ಮುಖ ಮಾಡಿದ ಊರಿನ ಹೆಸರು ಹೊತ್ತಿದೆ. ಆರನೆಯದಾದ ಚಾಂದಪೋಲ್ ಮಾತ್ರ ಚಂದ್ರನ ಹೆಸರಿನದು. ಐದು ಬಾಗಿಲುಗಳು ಹೊರಡುವವರ ಕಡೆಗೇ ನೋಡುತ್ತಿವೆ. ಬರ ಬಂದಾಗ ದನ ಹೊಡೆದುಕೊಂಡು ಮಾಳವಕ್ಕೆ ಹೋಗಬೇಕಾಗಿದ್ದ ನಾಡು ಅದು. ವ್ಯಾಪಾರಕ್ಕೆಂದು ಹೊರಟವರು ಮುಂಬಯಿ, ಮದರಾಸು, ನಮ್ಮ ಚಿಕ್ಕಪೇಟೆಗಳವರೆಗೂ ಬಂದರು.

ಆ ಊರಿನ ಬಗೆಗೆ ಒಂದು ಆಡುಮಾತಿದೆ: ಜೋಧಪುರ ‘ಖಂಡಾ’ಗಳಿಗೂ ‘ಖಾವಣಖಂಡಾ’ಗಳಿಗೂ ಹೆಸರಾದದ್ದು ಎಂದು. ಖಂಡಾ ಎಂದರೆ ಕಟ್ಟಡದ ಕಲ್ಲು, ಖಾವಣಖಂಡಾ ಎಂದರೆ ತಿಂಡಿಪೋತ. ಘಂಟಾಘರದ ಸುತ್ತಿನ ಸರದಾರ ಮಾರುಕಟ್ಟೆಯಲ್ಲಿ ನಿಂತರೆ ಮಾತು ನಿಜವೆಂದು ಗೊತ್ತಾಗುತ್ತದೆ. ಅಲ್ಲಿಯ ಮಿರ್ಚಿಬಡಾವನ್ನು ನಮ್ಮ ಧಾರವಾಡದ ಮಿರ್ಚಿಯ ಅಣ್ಣನೆನ್ನಬಹುದು. ಹೊಟ್ಟೆಯೊಳಗೆ ಆಲೂಗಡ್ಡೆ ತುಂಬಿಕೊಂಡು ಕೊಬ್ಬಿದ ಅಣ್ಣ. ಪಾಕದಲ್ಲಿ ಅದ್ದಿದ ಮಾವಾ ಕಚೋರಿಯ ಪ್ರಸ್ತಾಪವನ್ನು ನನ್ನ ವೈದ್ಯರು ಕೇಳುತ್ತಿರಬಹುದಾದ್ದರಿಂದ ಬಿಡುತ್ತೇನೆ. ಆದರೆ ಮನೆಯ ಊಟದ ಕೇರ್ ಸಾಂಗ್ರಿಯನ್ನು ಬಿಡುವಂತಿಲ್ಲ. ಕೇರ್ ಒಂದು ಮುಳ್ಳುಪೊದೆಯ ಕಾಯಿ. ಸಾಂಗ್ರಿ ಖೇಜಡಿ ಮರದ ಕೋಡು. ಎರಡನ್ನೂ ಕಾಲಕ್ಕೆ ಸರಿಯಾಗಿ ಕೊಯ್ದು, ಒಣಗಿಸಿ, ವರ್ಷಗಟ್ಟಲೆ ಇಡುತ್ತಾರೆ. ಬರದ ವರ್ಷದ ತರಕಾರಿ ಅದು. ಈಗ ಮದುವೆಯ ಊಟದಲ್ಲಿ ಬೆಲೆಬಾಳುವ ಪದಾರ್ಥ.

ಖೇಜಡಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿಯ ಮರ. ವಿಜಯದಶಮಿಯ ದಿನ ನಾವು ಪೂಜಿಸಿ ಎಲೆ ಹಂಚುವ ಶಮೀವೃಕ್ಷ. ನಮಗೆ ವರ್ಷಕ್ಕೆ ಒಂದು ದಿನ ನೆನಪಾಗುವ ಮರ ಅಲ್ಲಿ ದಿನದಿನದ ಬದುಕು: ಎಲೆ ಆಡಿಗೆ, ಒಂಟೆಗೆ, ಕೋಡು ಮನುಷ್ಯನಿಗೆ, ನೆರಳು ಹೊಲಕ್ಕೆ. ಈ ಮರದ ಕಾರಣದಿಂದ ಜೋಧಪುರದ ಚರಿತ್ರೆಯಲ್ಲಿ ಒಂದು ರಕ್ತದ ಅಧ್ಯಾಯವಿದೆ. 1730ರಲ್ಲಿ ಮಹಾರಾಜ ಅಭಯಸಿಂಹನ ಕಟ್ಟಡಕ್ಕೆ ಸುಣ್ಣ ಬೇಕಾಯಿತು. ಸುಣ್ಣದ ಗೂಡು ಉರಿಯಲು ಸೌದೆ ಬೇಕಾಯಿತು. ನಗರಕ್ಕೆ ಸಮೀಪದ ಖೇಜಡಲಿ ಎಂಬ ಹಳ್ಳಿಗೆ ಆಳುಗಳು ಕೊಡಲಿ ಹಿಡಿದು ಹೋದರು. ಅದು ಬಿಷ್ಣೋಯಿಗಳ ಹಳ್ಳಿ. ಹಸಿಮರ ಕಡಿಯಬಾರದೆಂಬುದು ಅವರ ಗುರು ಜಾಂಭೋಜಿ ಹದಿನೈದನೆಯ ಶತಮಾನದಲ್ಲಿ ವಿಧಿಸಿದ ಇಪ್ಪತ್ತೊಂಬತ್ತು ನಿಯಮಗಳಲ್ಲಿ ಒಂದು. ಅಮೃತಾದೇವಿ ಎಂಬಾಕೆ ಮರವನ್ನು ಅಪ್ಪಿ ನಿಂತಳು. ಅವಳ ಹಿಂದೆ ಒಬ್ಬರಾದ ಮೇಲೆ ಒಬ್ಬರು. 363 ಮಂದಿ ಸತ್ತರೆಂದು ಲೆಕ್ಕ. ಆಮೇಲೆ ಅರಸ ಕಡಿತವನ್ನು ನಿಲ್ಲಿಸಿದ.

ತೂರ್‌ಜೀಯ ಸುಂದರವಾದ ಬಾವಿಯನ್ನು ತೋಡಿಸಿದ ರಾಣಿ ಇದೇ ಅಭಯಸಿಂಹನ ಹೆಂಡತಿ ಎಂಬುದನ್ನು ಮರೆಯಬಾರದು. ಒಂದೇ ಅರಮನೆಯಿಂದ ಕೊಡಲಿಯೂ ಹೋಯಿತು, ಬಾವಿಯೂ ಬಂತು. ತನ್ನ ಸುತ್ತಲ ಮರುಭೂಮಿ ಎಷ್ಟನ್ನು ಹೊರಬಲ್ಲದು ಎಂಬ ಅಂದಾಜನ್ನು ನಗರ ತಾನಾಗಿ ಕಲಿಯಲಿಲ್ಲ. ಹಳ್ಳಿಯವರು ತಲೆ ಕೊಟ್ಟು ಕಲಿಸಿದರು.

ಬರ ಮತ್ತು ಕಟ್ಟಡಗಳ ನಂಟು ಇಪ್ಪತ್ತನೆಯ ಶತಮಾನದಲ್ಲೂ ಮುಗಿಯಲಿಲ್ಲ. ಊರಿನ ಆಗ್ನೇಯಕ್ಕಿರುವ ಉಮೇದ್ ಭವನ ಅರಮನೆಗೆ 1929ರಲ್ಲಿ ಶಂಕುಸ್ಥಾಪನೆಯಾಗಿ 1943ರಲ್ಲಿ ಮುಗಿಯಿತು. ಸಾಲು ಬರಗಳಲ್ಲಿ ನೊಂದ ಎರಡು ಮೂರು ಸಾವಿರ ಜನರಿಗೆ ಕೂಲಿ ಸಿಗಲೆಂದು ಮಹಾರಾಜ ಉಮೇದಸಿಂಹ ಅದನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾದ ಮಾತು. 347 ಕೊಠಡಿಗಳ ಅರಮನೆ ಬರಪರಿಹಾರದ ಅತ್ಯುತ್ತಮ ಉಪಾಯವೇ ಎಂದು ಕೇಳಬಹುದು, ಕೇಳಲೇಬೇಕು. ಆದರೆ ಜವಾಯಿ ನದಿಗೆ ಅಣೆಕಟ್ಟಿನ ಕೆಲಸವನ್ನು 1946ರಲ್ಲಿ ತೊಡಗಿಸಿದವನೂ ಅವನೇ. ಮರುವರ್ಷವೇ ಅವನು ತೀರಿಕೊಂಡ. ಅಣೆಕಟ್ಟು 1957ರಲ್ಲಿ ಪೂರ್ತಿಯಾಯಿತು. ಜೋಧಪುರ ಆ ಅಣೆಕಟ್ಟಿನಿಂದ ಹೊರಗಿನ ನೀರನ್ನು ಕುಡಿಯಿತು.

ಆ ನೀರಿನ ಕಥೆಯನ್ನು ಮುಂದುವರಿಸುವ ಮೊದಲು, ಸಾಹಿತ್ಯದ ಮೇಷ್ಟರಾಗಿ ಒಂದು ಮಾತು ಹೇಳದಿದ್ದರೆ ಲೋಪವಾದೀತು. ಸ್ವಾತಂತ್ರ್ಯಾನಂತರ ಜೈಪುರ ರಾಜಧಾನಿಯಾಯಿತು, ಜೋಧಪುರಕ್ಕೆ ಹೈಕೋರ್ಟು ಬಂತು. ರಾಜ್ಯಭಾರವನ್ನು ಕಳೆದುಕೊಂಡ ಊರು ಭಾಷೆಯನ್ನು ಎತ್ತಿ ಹಿಡಿಯಿತು ಎಂದು ನನಗೆ ಅನ್ನಿಸಿದೆ. ಸೀತಾರಾಮ ಲಾಳಸ್ ಎಂಬ ವಿದ್ವಾಂಸರು ಇಲ್ಲಿ ಕುಳಿತು ದಶಕಗಳ ಕಾಲ ದುಡಿದು, ಎರಡು ಲಕ್ಷಕ್ಕೂ ಮಿಕ್ಕ ಶಬ್ದಗಳ ರಾಜಸ್ಥಾನಿ ಕೋಶವನ್ನು ಸಿದ್ಧಪಡಿಸಿದರು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇನ್ನೂ ಸ್ಥಾನ ದೊರೆಯದ ಭಾಷೆಗೆ ಅಂಥ ನಿಘಂಟು! ಜೋಧಪುರ ಜಿಲ್ಲೆಯ ಬೋರುಂದಾ ಹಳ್ಳಿಯಲ್ಲಿ ಕೋಮಲ್ ಕೋಠಾರಿ ಮತ್ತು ವಿಜಯದಾನ್ ದೇಥಾ ಎಂಬ ಗೆಳೆಯರು 1960ರಲ್ಲಿ ರೂಪಾಯನ ಸಂಸ್ಥಾನವನ್ನು ಕಟ್ಟಿದರು. ದೇಥಾ ತಮ್ಮ ಹಳ್ಳಿಯ ಹೆಂಗಸರ ಬಾಯಿಂದ ಕೇಳಿದ ಕಥೆಗಳನ್ನು ಮಾರವಾಡಿಯಲ್ಲೇ ಮತ್ತೆ ಬರೆದು ‘ಬಾತಾಂ ರೀ ಫುಲವಾಡಿ’ ಎಂದು ಸಂಪುಟ ಸಂಪುಟವಾಗಿ ಪ್ರಕಟಿಸಿದರು. ಮಣಿ ಕೌಲರ ‘ದುವಿಧಾ’ ಚಿತ್ರವೂ ಹಬೀಬ್ ತನ್ವೀರರ ‘ಚರಣದಾಸ ಚೋರ’ ನಾಟಕವೂ ಅವರ ಕಥೆಗಳಿಂದ ಹುಟ್ಟಿದವು. ಕೋಠಾರಿಯವರು ಲಂಗಾ, ಮಾಂಗಣಿಯಾರ್ ಗಾಯಕರನ್ನು ಹುಡುಕಿಕೊಂಡು ಹೋಗಿ, ಅವರ ಕಮಾಯಿಚಾ, ಖಡತಾಲ್‌ಗಳನ್ನು ಜಗತ್ತಿನ ವೇದಿಕೆಗಳಿಗೆ ಕರೆತಂದರು. ಅವರು ಕಲ್ಪಿಸಿ, ಜೋಧಪುರದ ಹೊರವಲಯದಲ್ಲಿ ಸ್ಥಾಪಿತವಾದ ‘ಅರ್ಣಾ ಝರ್ಣಾ’ ವಸ್ತುಸಂಗ್ರಹಾಲಯದಲ್ಲಿ ನೀವು ಕಾಣುವುದು ಕತ್ತಿಗುರಾಣಿಯಲ್ಲ, ಪೊರಕೆ. ಒಂದೊಂದು ಸೀಮೆಯಲ್ಲಿ ಒಂದೊಂದು ಹುಲ್ಲಿನ ಪೊರಕೆ. ಯಾವ ನೆಲಕ್ಕೆ ಎಷ್ಟು ಮಳೆ, ಯಾವ ಮಳೆಗೆ ಯಾವ ಹುಲ್ಲು ಎಂಬುದನ್ನು ಒಂದು ಪೊರಕೆಯಿಂದ ಓದಿ ತೋರಿಸಿದ ಆ ಮನುಷ್ಯನನ್ನು ನಾನು ಪಂಡಿತನೆಂದು ಕರೆಯುತ್ತೇನೆ.

ಇನ್ನು ನೀರಿನ ಕಥೆಯ ಕೊನೆಯ ಭಾಗ. ಪಂಜಾಬಿನ ಹರೀಕೆಯಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವಲ್ಲಿಂದ ಹೊರಟ ಇಂದಿರಾ ಗಾಂಧಿ ಕಾಲುವೆ ಥಾರಿನ ನಡುವೆ ಹಾಯುತ್ತದೆ. ಅದರಿಂದ ಸುಮಾರು ಇನ್ನೂರು ಕಿಲೋಮೀಟರು ದೂರ, ಯಂತ್ರಗಳಿಂದ ಹಂತ ಹಂತವಾಗಿ ಮೇಲೆತ್ತಿ, 1990ರ ದಶಕದ ಉತ್ತರಾರ್ಧದಲ್ಲಿ ಜೋಧಪುರಕ್ಕೆ ನೀರು ತಂದರು. ಹಿಮಾಲಯದ ನೀರು ಕಾಯ್ಲಾನಾ ಕೆರೆಗೆ ಬಂದು ಬಿದ್ದಿತು. ಚಿಡಿಯಾನಾಥನ ಶಾಪ ವಿಮೋಚನೆಯಾಯಿತು. ಇದನ್ನು ನಾನು ವ್ಯಂಗ್ಯದಿಂದ ಹೇಳುತ್ತಿಲ್ಲ. ತಲೆಯ ಮೇಲೆ ಕೊಡ ಹೊತ್ತು ಇನ್ನೂರು ಅಡಿ ಹತ್ತಿಳಿಯುವುದು ಕಾವ್ಯವಲ್ಲ. ಅದನ್ನು ಕಾವ್ಯವೆನ್ನುವವರು ಯಾರೂ ಕೊಡ ಹೊತ್ತವರಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಆ ಗಲ್ಲಿಗಳ ಹೆಂಗಸರಿಗೆ ಆದ ನೆಮ್ಮದಿಯ ಮುಂದೆ ನಮ್ಮ ಪರಂಪರೆಯ ಚಿಂತೆ ಹಗುರವಾದದ್ದೇ ಸರಿ.

ಆದರೆ ನಲ್ಲಿ ಬಂದ ಮೇಲೆ ಬಾವಿಗಳಿಂದ ನೀರು ಸೇದುವವರಿಲ್ಲವಾದರು. ಬಾವಡಿಗಳೂ ಝಾಲ್ರಾಗಳೂ ಕಸದ ಗುಂಡಿಗಳಾದವು. ಮಳೆಯ ನೀರು ಹರಿದು ಬರುತ್ತಿದ್ದ ಬಂಡೆಯ ಇಳಿಜಾರುಗಳಲ್ಲಿ ಕಲ್ಲುಗಣಿಗಳೆದ್ದವು, ಮನೆಗಳೆದ್ದವು, ಕಾಲುವೆಗಳು ಕತ್ತರಿಸಿಹೋದವು. ಇತ್ತ ಹೊರಗಿನಿಂದ ದಿನವೂ ಬರುವ ನೀರು ಕೊಳಾಯಿಗಳಿಂದ, ಚರಂಡಿಗಳಿಂದ, ಕೆರೆಗಳ ತಳದಿಂದ ಸೋರಿ ಬಂಡೆಯ ಬಿರುಕುಗಳಿಗೆ ಇಳಿಯತೊಡಗಿತು. ಸೇದುವ ಕೈಯಿಲ್ಲದೆ ಅಂತರ್ಜಲ ಮೇಲೇರಿತು. ಏರಿ ಏರಿ ಹಳೆಯ ಪೇಟೆಯ ಮನೆಗಳ, ಅಂಗಡಿಗಳ ನೆಲಮಾಳಿಗೆಗಳಿಗೆ ನುಗ್ಗಿತು. ಬರಕ್ಕೆ ಹೆಸರಾದ ಊರಿನಲ್ಲಿ ನೆಲದೊಳಗಿನ ನೀರನ್ನು ಪಂಪು ಹಚ್ಚಿ ಹೊರಗೆಸೆಯುವ ಕೆಲಸ ಹತ್ತಿಪ್ಪತ್ತು ವರ್ಷಗಳಿಂದ ನಡೆದಿದೆ. ಇತ್ತ ಕಾಲುವೆಯ ದುರಸ್ತಿಗೆಂದು ಹರಿವನ್ನು ನಿಲ್ಲಿಸಿದಾಗ ಅದೇ ಊರು ನಲ್ಲಿಯ ಸರದಿ ಲೆಕ್ಕ ಹಾಕುತ್ತ ಕೂರಬೇಕಾಗುತ್ತದೆ. ಮೇಲೆ ಅಭಾವ, ಕೆಳಗೆ ಪ್ರವಾಹ.

ನಮ್ಮ ಕಣ್ಣೆದುರಿನ ಕೆರೆಗಳ ಗತಿ ಬಲ್ಲವರಿಗೆ ಇದು ದೂರದ ಸುದ್ದಿಯಾಗಿ ಕೇಳಿಸಲಾರದು. ಆದರೂ ಒಂದು ವ್ಯತ್ಯಾಸವಿದೆ. ಮಳೆ ಸಾಕಷ್ಟು ಬೀಳುವ ಊರು ಕೆರೆಯನ್ನು ಮರೆತರೆ ಅದು ಉದಾಸೀನ. ಜೋಧಪುರ ಬಾವಿಯನ್ನು ಮರೆತರೆ ಅದು ತನ್ನ ಹೆಸರನ್ನೇ ಮರೆತಂತೆ. ಅದರ ಗಲ್ಲಿ, ಅದರ ಕೇರ್ ಸಾಂಗ್ರಿ, ಅದರ ಮೂರು ಬಗೆಯ ನೀರು, ನಾಲ್ಕು ಬಗೆಯ ಬರ, ಎಲ್ಲವೂ ಇಲ್ಲದ್ದನ್ನು ಅಳೆದು ಬಾಳಿದ ಬುದ್ಧಿಯಿಂದ ಬಂದವು. ಆ ಅಳತೆ ಹೋದ ಮೇಲೆ ಉಳಿಯುವುದು ಕೋಟೆ ಮತ್ತು ನೀಲಿ ಬಣ್ಣ. ಅವು ಛಾಯಾಚಿತ್ರಕ್ಕೆ ಸಾಲುತ್ತವೆ.

ಎಲ್ಲವೂ ಹೋಗಿಲ್ಲ ಎಂಬುದನ್ನೂ ಹೇಳಬೇಕು. ದಶಕಗಳ ಕಾಲ ಕೊಳಕುನೀರಿನಲ್ಲಿ ಮುಳುಗಿದ್ದ ತೂರ್‌ಜೀಯ ಝಾಲ್ರಾವನ್ನು ಈ ಶತಮಾನದಲ್ಲಿ ಬಸಿದು, ತೊಳೆದು, ಮತ್ತೆ ಕಾಣುವಂತೆ ಮಾಡಿದ್ದಾರೆ. ಕೋಟೆಯ ಬುಡದ ಬಂಡೆಗಾಡಿನಲ್ಲಿ ಹೊರದೇಶದ ಬಳ್ಳಾರಿಜಾಲಿ ಹಬ್ಬಿ ಬೇರೆಲ್ಲ ಗಿಡಗಳನ್ನು ನುಂಗಿತ್ತು. 2006ರಲ್ಲಿ ಅದನ್ನು ಕಿತ್ತು ಆ ನೆಲದ್ದೇ ಗಿಡಗಳನ್ನು ನೆಡುವ ಕೆಲಸ ಆರಂಭವಾಯಿತು. ಬಳ್ಳಾರಿಜಾಲಿಯ ಬೇರನ್ನು ಬಂಡೆಯ ಬಿರುಕಿನಿಂದ ಕೀಳುವುದು ಯಾರಿಗೂ ಬಾರದಾಗ, ಪರಂಪರೆಯಿಂದ ಕಲ್ಲು ಒಡೆಯುವ ಖಂಡವಾಲಿಯಾಗಳನ್ನು ಕರೆಸಿದರು. ಅವರು ಸುತ್ತಿಗೆಯಿಂದ ಬಂಡೆಯನ್ನು ಬಡಿದು, ಸದ್ದು ಕೇಳಿ, ಎಲ್ಲಿ ಒಡೆಯಬೇಕೆಂದು ಹೇಳುತ್ತಿದ್ದರು. ಈಗ ಅಲ್ಲಿ ರಾವ್ ಜೋಧಾ ಹೆಸರಿನ ಮರುಭೂಮಿ ಉದ್ಯಾನವಿದೆ. ಮಳೆ ಬಂದ ವಾರ ಆ ಹಳೆಯ ಕಾಲುವೆಯ ಬಂಡೆಗಳ ನಡುವೆ ಹುಲ್ಲೇಳುತ್ತದೆ. ತೂರ್‌ಜೀಯ ಮೆಟ್ಟಿಲುಗಳ ಮೇಲೆ ಸಂಜೆ ಹೊತ್ತು ಹುಡುಗರು ಸೇರಿ, ಎತ್ತರದ ಕಟ್ಟೆಯಿಂದ ಒಬ್ಬರ ಹಿಂದೆ ಒಬ್ಬರು ನೀರಿಗೆ ಧುಮುಕುತ್ತಾರೆ. ಆ ನೀರನ್ನು ಪಾಲರ್ ಎನ್ನಬೇಕೋ ಪಾತಾಳವೆನ್ನಬೇಕೋ, ಹರೀಕೆಯಿಂದ ಬಂದು ಸೋರಿದ್ದಾದರೆ ಅದಕ್ಕೆ ಯಾವ ಹೆಸರೋ, ಲಾಳಸರ ಕೋಶದಲ್ಲಿ ಹುಡುಕಬೇಕು.